ಜಾರುವ ಕೊಂಡಿ ಹಾಕಿದರೆ ರಬ್ಬರ್ ಹರಿಯುವುದಿಲ್ಲವೇ?

ಪ್ರಶ್ನೆ: ಪ್ರಾಜೆಕ್ಟ್ ಕೆಲಸಕ್ಕಾಗಿ ಅಕ್ರಿಲೇಟ್ ಎಲಾಸ್ಟೊಮರ್ (ಒಂದು ಬಗೆಯ ಕೃತಕ ರಬ್ಬರ್) ತಯಾರಿಸುತ್ತಿದ್ದೇನೆ. ಕ್ರಾಸ್‌ಲಿಂಕರ್ (ಸರಪಳಿ ಅಣುಗಳನ್ನು ಒಂದಕ್ಕೊಂದು ಬೆಸೆಯುವ ರಾಸಾಯನಿಕ) ಜಾಸ್ತಿ ಹಾಕಿದರೆ ಬಿಗಿಯಾಗುತ್ತದೆ, ಆದರೆ ಸ್ವಲ್ಪ ಎಳೆಯುವಷ್ಟರಲ್ಲಿ ಹರಿದುಹೋಗುತ್ತದೆ. ಕಡಿಮೆ ಹಾಕಿದರೆ ಚೆನ್ನಾಗಿ ಹಿಗ್ಗುತ್ತದೆ, ಆದರೆ ತೀರಾ ಮೆತ್ತಗೆ, ಭಾರ ತಡೆಯುವುದಿಲ್ಲ. ಸರಪಳಿಯ ಮೇಲೆ ಜಾರುವ ಉಂಗುರಗಳನ್ನೇ ಕ್ರಾಸ್‌ಲಿಂಕ್ ಮಾಡಿದರೆ ಎರಡೂ ಗುಣ ಸಿಗುತ್ತದೆ ಎಂದು ಓದಿದೆ. ನಿಜವೇ? ಕೊಂಡಿ ಜಾರಿದರೆ ರಬ್ಬರ್ ಇನ್ನೂ ದುರ್ಬಲವೇ ಆಗಬೇಕಲ್ವಾ? ವಿನ್ಯಾಸ ಮಾಡುವಾಗ ಏನು ನೋಡಬೇಕು? ಇಂಥ ರಬ್ಬರ್ ಹರಿದರೆ ತಾನಾಗಿಯೇ ಕೂಡಿಕೊಳ್ಳುತ್ತದೆಯೇ?

ಉತ್ತರ: ಅರ್ಧ ನಿಜ. ಉಂಗುರ ಹಾಕಿದ ಮಾತ್ರಕ್ಕೆ ಎರಡೂ ಗುಣ ಸಿಗುವುದಿಲ್ಲ. ಆ ಉಂಗುರಕ್ಕೆ ಜಾರಲು ಖಾಲಿ ಸರಪಳಿ ಬೇಕು. ಜಾರಲು ಸಮಯವೂ ಬೇಕು. ಮೊದಲನೆಯದನ್ನು ಹೆಚ್ಚಿನವರು ನೆನಪಿಡುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ನನ್ನ ಪ್ರಕಾರ ಈ ವಿನ್ಯಾಸ ಗೆಲ್ಲುವುದೂ ಸೋಲುವುದೂ ಇವೆರಡರಲ್ಲೇ. ಯಾವ ಉಂಗುರ, ಯಾವ ಸರಪಳಿ ಎಂಬುದೆಲ್ಲ ಆಮೇಲಿನ ಮಾತು.

ಮೊದಲು ನಿಮ್ಮ ಈಗಿನ ರಬ್ಬರ್ ಯಾಕೆ ಹಾಗೆ ಆಡುತ್ತದೆ ನೋಡೋಣ. ಇದು ನಿಮ್ಮ ಕೈಗುಣದ ದೋಷವಲ್ಲ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಬೆರೆಸಿ ರಬ್ಬರನ್ನು ಕಾಯಿಸಿದ ಕಾಲದಿಂದಲೂ ಈ ಜಗ್ಗಾಟ ಇದೆ. ಗಂಧಕ ಮಾಡಿದ್ದು ಇಷ್ಟೇ: ಉದ್ದುದ್ದ ಪಾಲಿಮರ್ ಸರಪಳಿಗಳನ್ನು ಅಲ್ಲಲ್ಲಿ ಒಂದಕ್ಕೊಂದು ಬೆಸೆಯಿತು. ಈ ಬೆಸುಗೆಯೇ ಕೊಂಡಿ, ಅಂದರೆ ಕ್ರಾಸ್‌ಲಿಂಕ್. ಎರಡು ಕೊಂಡಿಗಳ ನಡುವಿನ ಸರಪಳಿ ತುಂಡು ಸುರುಳಿ ಸುತ್ತಿಕೊಂಡು ಬಿದ್ದಿರುತ್ತದೆ. ಎಳೆದರೆ ಬಿಚ್ಚಿಕೊಳ್ಳುತ್ತದೆ. ಬಿಟ್ಟರೆ ಶಾಖದ ಕುಣಿತದಲ್ಲಿ ಮತ್ತೆ ಸುರುಳಿಯಾಗುತ್ತದೆ. ರಬ್ಬರ್ ಹಿಂದಕ್ಕೆ ಎಳೆಯುವ ಬಲ ಬಹುಪಾಲು ಇಲ್ಲಿಂದಲೇ, ಅಂದರೆ ಎಂಟ್ರೊಪಿಯಿಂದಲೇ (ಅಸ್ತವ್ಯಸ್ತವಾಗಿರುವ ಒಲವಿನಿಂದಲೇ) ಬರುತ್ತದೆ.

ಆ ತುಂಡಿನಲ್ಲಿರುವ ಘಟಕಗಳ ಸಂಖ್ಯೆಯನ್ನು ‘ಎನ್’ ಎಂದು ಕರೆಯೋಣ. ರಬ್ಬರಿನ ಬಿಗಿ, ಅಂದರೆ ಮಾಡ್ಯುಲಸ್, ಎನ್‌ಗೆ ವಿಲೋಮವಾಗಿರುತ್ತದೆ. ತುಂಡು ಚಿಕ್ಕದಾದಷ್ಟೂ ಬಿಗಿ ಜಾಸ್ತಿ. ಆದರೆ ಎಷ್ಟು ಹಿಗ್ಗಬಹುದು ಎಂಬುದು ಎನ್‌ನ ವರ್ಗಮೂಲದ ಜೊತೆ ಏರುತ್ತದೆ. ಬಿರುಕು ಮುಂದುವರಿಯಲು ಎಷ್ಟು ಶಕ್ತಿ ಬೇಕು ಎಂಬ ಲೆಕ್ಕವನ್ನು 1967ರಲ್ಲಿ ಲೇಕ್ ಮತ್ತು ಥಾಮಸ್ ಕೊಟ್ಟರು. ಅವರ ವಾದ ಬಹಳ ಸರಳ. ಬಿರುಕಿನ ಮುಂದೆ ಒಂದು ತುಂಡು ಕಡಿಯಬೇಕಾದರೆ ಅದರ ಒಂದೇ ಬಂಧ ಮುರಿದರೆ ಸಾಕು. ಆದರೆ ಅದು ಮುರಿಯುವ ಹೊತ್ತಿಗೆ ಆ ತುಂಡಿನ ಎಲ್ಲ ಬಂಧಗಳೂ ಅಷ್ಟೇ ಬಿಗಿಯಾಗಿ ಎಳೆದುಕೊಂಡಿರುತ್ತವೆ. ಕಡಿದ ಕೂಡಲೇ ಆ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಅಂದರೆ ತುಂಡು ಉದ್ದವಾದಷ್ಟೂ ಬಿರುಕು ಕೊಡಬೇಕಾದ ಬೆಲೆ ಜಾಸ್ತಿ. ಒಂದು ಚದರ ಮೀಟರಿನಲ್ಲಿ ಎಷ್ಟು ತುಂಡುಗಳು ಅಡ್ಡ ಬರುತ್ತವೆ ಎಂಬುದನ್ನೂ ಸೇರಿಸಿದರೆ, ಇದು ಕೂಡ ಎನ್‌ನ ವರ್ಗಮೂಲಕ್ಕೆ ಬಂದು ನಿಲ್ಲುತ್ತದೆ.

ಈಗ ನಿಮ್ಮ ಪ್ರಯೋಗಕ್ಕೆ ಬನ್ನಿ. ಕೊಂಡಿಗಳನ್ನು 4 ಪಟ್ಟು ಮಾಡಿದಿರಿ ಎಂದುಕೊಳ್ಳಿ. ಮಾಡ್ಯುಲಸ್ 4 ಪಟ್ಟಾಯಿತು. ಹಿಗ್ಗುವ ಮಿತಿ ಅರ್ಧಕ್ಕೆ ಇಳಿಯಿತು. ಬಿರುಕನ್ನು ತಡೆಯುವ ಶಕ್ತಿಯೂ ಅರ್ಧಕ್ಕೆ ಇಳಿಯಿತು. ನೀವು ಕಂಡದ್ದು ಇದನ್ನೇ. ಸಾಮಾನ್ಯ ರಬ್ಬರುಗಳಲ್ಲಿ ಈ ಕನಿಷ್ಠ ಶಕ್ತಿ ಚದರ ಮೀಟರಿಗೆ ಸುಮಾರು 50ರಿಂದ 100 ಜೂಲ್ ಅಷ್ಟೇ. ಅಳತೆಯಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಸಿಗುತ್ತದೆ. ನೈಸರ್ಗಿಕ ರಬ್ಬರಿನಲ್ಲಿ ಸುಮಾರು 10,000 ಜೂಲ್‌ವರೆಗೂ ಹೋಗುತ್ತದೆ. ಆ ಹೆಚ್ಚಳ ಬರುವುದು ಒಳಗಿನ ಘರ್ಷಣೆಯಿಂದ, ಮತ್ತು ನೈಸರ್ಗಿಕ ರಬ್ಬರಿನಲ್ಲಿ ಎಳೆದಾಗ ಹುಟ್ಟಿ ಬಿಟ್ಟಾಗ ಕರಗುವ ಹರಳುಗಳಿಂದ. ಈ ಹರಳಿನ ವಿಷಯ ಮುಂದೆ ಮತ್ತೆ ಬರುತ್ತದೆ.

ಲೇಕ್ ಮತ್ತು ಥಾಮಸ್ ಲೆಕ್ಕ ಎಲ್ಲ ತುಂಡುಗಳೂ ಸಮ ಉದ್ದದವು ಎಂದು ಭಾವಿಸುತ್ತದೆ. ನಿಜವಾದ ರಬ್ಬರಿನಲ್ಲಿ ಹಾಗಿರುವುದಿಲ್ಲ. ಕೊಂಡಿಗಳು ಎಲ್ಲೆಂದರಲ್ಲಿ ಬೀಳುತ್ತವೆ. ಒಂದು ತುಂಡು ಚಿಕ್ಕದು, ಪಕ್ಕದ್ದು ಅದರ ಹತ್ತು ಪಟ್ಟು ಉದ್ದ. ಎಳೆದಾಗ ಚಿಕ್ಕದು ಮೊದಲು ಸೆಟೆದುಕೊಳ್ಳುತ್ತದೆ, ಭಾರವೆಲ್ಲ ಅದರ ಮೇಲೆ ಬೀಳುತ್ತದೆ, ಅದು ಮೊದಲು ಕಡಿಯುತ್ತದೆ. ಉದ್ದದ ತುಂಡು ಆಗಲೂ ಆರಾಮಾಗಿ ಸುರುಳಿಯಲ್ಲೇ ಇರುತ್ತದೆ. ಮುಂದಿನ ಸರದಿ ಅದಕ್ಕಿಂತ ಸ್ವಲ್ಪ ಉದ್ದದ ತುಂಡಿನದು. ಒಟ್ಟಿಗೆ ಹೊರಬೇಕಾದ ಭಾರವನ್ನು ಒಬ್ಬೊಬ್ಬರೇ ಹೊತ್ತು ಒಬ್ಬೊಬ್ಬರೇ ಸಾಯುತ್ತಾರೆ.

ಇಲ್ಲಿಯೇ ಜಾರುವ ಕೊಂಡಿ ಬರುತ್ತದೆ. ಹಗ್ಗವನ್ನು ಒಂದು ಗೂಟಕ್ಕೆ ಗಂಟು ಹಾಕಿದರೆ ಗಂಟಿನ ಎರಡೂ ಬದಿಯ ಬಿಗಿ ಬೇರೆಬೇರೆ ಇರಬಹುದು. ಅದೇ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿದರೆ ಎರಡೂ ಬದಿಯ ಬಿಗಿ ತಾನಾಗಿಯೇ ಸಮವಾಗುತ್ತದೆ. ಬಿಗಿಯಾದ ಬದಿ ಸಡಿಲ ಬದಿಯಿಂದ ಹಗ್ಗವನ್ನು ಎಳೆದುಕೊಳ್ಳುತ್ತದೆ. ಅಣುಗಳ ಮಟ್ಟದಲ್ಲೂ ಇದೇ ನಡೆಯುತ್ತದೆ. ಈ ಕ್ಷೇತ್ರದಲ್ಲಿ ಇದನ್ನು ರಾಟೆ ಪರಿಣಾಮ ಎಂದೇ ಕರೆಯುತ್ತಾರೆ. ಚಿಕ್ಕ ತುಂಡಿಗೆ ಭಾರ ಬಿದ್ದರೆ ಅದು ಕೊಂಡಿಯ ಆಚೆಯಿಂದ ಸರಪಳಿಯನ್ನು ಎಳೆದುಕೊಂಡು ತಾನೇ ಉದ್ದವಾಗುತ್ತದೆ. ಅಂದರೆ ಎನ್ ಎಂಬುದು ತಯಾರಿಕೆಯಲ್ಲೇ ನಿಶ್ಚಯವಾಗಿ ಹೋಗುವ ಸಂಖ್ಯೆಯಲ್ಲ. ಎಲ್ಲಿ ಎಷ್ಟು ಬೇಕೋ ಅಲ್ಲಿ ಅಷ್ಟಾಗುತ್ತದೆ. ಬಿರುಕಿನ ತುದಿಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಅಲ್ಲಿ ತುಂಡುಗಳು ದೂರದ ಸರಪಳಿಯನ್ನು ಎಳೆದುಕೊಂಡು ಉದ್ದವಾಗುತ್ತವೆ, ಕಡಿಯಲು ಬೇಕಾದ ಶಕ್ತಿ ಏರುತ್ತದೆ.

‘ಕೊಂಡಿ ಜಾರಿದರೆ ದುರ್ಬಲವಾಗಬೇಕಲ್ವಾ’ ಎಂದು ಕೇಳಿದಿರಿ. ಒಂದು ಅರ್ಥದಲ್ಲಿ ಹೌದು. ಅಷ್ಟೇ ಸಂಖ್ಯೆಯ ಕೊಂಡಿ ಇದ್ದರೂ ಜಾರುವ ಕೊಂಡಿಯ ರಬ್ಬರ್ ಮೊದಮೊದಲು ಹೆಚ್ಚು ಮೆತ್ತಗಿರುತ್ತದೆ. ಆದರೆ ಅದು ದ್ರವದಂತಾಗಿಬಿಡುವುದಿಲ್ಲ. ಸರಪಳಿಯ ಎರಡೂ ತುದಿಗೆ ಉಂಗುರದಿಂದ ನುಸುಳಲಾರದಷ್ಟು ದಪ್ಪದ ಗುಂಪುಗಳನ್ನು ಕಟ್ಟಿರುತ್ತಾರೆ. ಉಂಗುರ ಓಡಾಡಬಹುದು, ಕಳಚಿಕೊಳ್ಳಲಾರದು.

ಈ ರಚನೆ ಬಂದ ದಾರಿ ಸ್ವಾರಸ್ಯವಾಗಿದೆ. ಸೈಕ್ಲೊಡೆಕ್ಸ್ಟ್ರಿನ್ ಎಂಬುದು ಪಿಷ್ಟದಿಂದ ಕಿಣ್ವ ಬಳಸಿ ತಯಾರಿಸುವ ಸಕ್ಕರೆಯ ಉಂಗುರ. ಆಲ್ಫಾ ಬಗೆಯಲ್ಲಿ 6 ಗ್ಲೂಕೋಸ್ ಘಟಕ, ಬೀಟಾದಲ್ಲಿ 7, ಗಾಮಾದಲ್ಲಿ 8. ಆಲ್ಫಾ ಉಂಗುರದ ಒಳರಂಧ್ರ ಸುಮಾರು ಅರ್ಧ ನ್ಯಾನೊಮೀಟರ್. 1990ರಲ್ಲಿ ಒಸಾಕಾ ವಿಶ್ವವಿದ್ಯಾಲಯದ ಅಕಿರಾ ಹರಾಡ ಮತ್ತು ಕಮಾಚಿ ಒಂದು ವಿಚಿತ್ರ ಕಂಡರು. ಪಾಲಿಎಥಿಲೀನ್ ಗ್ಲೈಕಾಲ್ ಎಂಬ, ನೀರಿನಲ್ಲಿ ಕರಗುವ ಪಾಲಿಮರ್ ಸರಪಳಿ ಮತ್ತು ಆಲ್ಫಾ ಉಂಗುರಗಳನ್ನು ನೀರಿನಲ್ಲಿ ಬೆರೆಸಿದರೆ ಸಾಕು, ಉಂಗುರಗಳು ತಾವಾಗಿಯೇ ಸರಪಳಿಗೆ ಪೋಣಿಸಿಕೊಂಡು ಗಷ್ಟಾಗಿ ಕೆಳಗೆ ಇಳಿಯುತ್ತವೆ. 1992ರಲ್ಲಿ ತುದಿಗಳಿಗೆ ತಡೆ ಕಟ್ಟಿ ಆ ಉಂಗುರಗಳು ಕಳಚಿಕೊಳ್ಳದಂತೆ ಮಾಡಿದರು. ಇಂಥ ಅಣುವಿನ ಹೆಸರು ಪಾಲಿರೊಟಾಕ್ಸೇನ್. ಜಾರುವ ಕೊಂಡಿಯ ಜೆಲ್ (ದ್ರವ ತುಂಬಿಕೊಂಡ ಪಾಲಿಮರ್ ಜಾಲ) ಹೇಗಿರಬಹುದು ಎಂದು ಫ್ರೆಂಚ್ ಭೌತವಿಜ್ಞಾನಿ ಪಿಯೆರ್-ಜಿಲ್ ದ ಜೆನ್ 1999ರಲ್ಲಿ ಸಿದ್ಧಾಂತದ ಮಟ್ಟದಲ್ಲಿ ಬರೆದರು. 2001ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಒಕುಮುರಾ ಮತ್ತು ಕೊಹ್‌ಜೊ ಇಟೊ ಅದನ್ನು ಕೈಯಲ್ಲಿ ಹಿಡಿಯುವಂತೆ ಮಾಡಿದರು. ಬೇರೆಬೇರೆ ಸರಪಳಿಯ ಮೇಲಿರುವ ಎರಡು ಉಂಗುರಗಳನ್ನು ಒಂದಕ್ಕೊಂದು ಬೆಸೆದರೆ ಇಂಗ್ಲಿಷ್ 8ರ ಆಕಾರದ ಕೊಂಡಿಯಾಗುತ್ತದೆ. ಎರಡೂ ಸರಪಳಿ ಅದರೊಳಗೆ ಜಾರುತ್ತವೆ, ಯಾವುದಕ್ಕೂ ಅದು ಅಂಟಿಕೊಂಡಿಲ್ಲ.

ಇಲ್ಲಿಂದ ವಿನ್ಯಾಸದ ಮಾತು. ಜಾರಲು ಜಾಗ ಎಂದೆನಲ್ಲ, ಅದನ್ನು ಲೆಕ್ಕದಲ್ಲೇ ನೋಡೋಣ. ಒಂದು ಆಲ್ಫಾ ಉಂಗುರ ಸರಪಳಿಯ ಎರಡು ಘಟಕಗಳನ್ನು ಮುಚ್ಚುತ್ತದೆ. 35,000 ಅಣುತೂಕದ ಪಾಲಿಎಥಿಲೀನ್ ಗ್ಲೈಕಾಲಿನಲ್ಲಿ ಸುಮಾರು 800 ಘಟಕಗಳಿವೆ. ಒತ್ತೊತ್ತಾಗಿ ತುಂಬಿದರೆ 400 ಉಂಗುರ ಹಿಡಿಸುತ್ತವೆ. ಮೊದಲಿನ ಕಾಲದ ಪಾಲಿರೊಟಾಕ್ಸೇನುಗಳಲ್ಲಿ ತುಂಬುವಿಕೆ ಸುಮಾರು 25% ಇರುತ್ತಿತ್ತು. ಅಂದರೆ 100 ಉಂಗುರ. ಅದರಲ್ಲಿ ಅರ್ಧ ಕೊಂಡಿಯಾದರೂ ಒಂದು ಕೊಂಡಿಯಿಂದ ಇನ್ನೊಂದಕ್ಕೆ 16 ಘಟಕ ಅಷ್ಟೇ ಅಂತರ. ಇಷ್ಟರಲ್ಲಿ ಜಾರುವುದೆಂದರೆ ಎಲ್ಲಿಗೆ? ಇನ್ನೊಂದು ತೊಡಕೂ ಇದೆ. ಒಂದೇ ಸರಪಳಿಯ ಮೇಲಿನ ಎರಡು ಉಂಗುರಗಳು ಒಂದನ್ನೊಂದು ದಾಟಲಾರವು. ಸರಪಳಿ ಕೊಂಡಿಯೊಳಗೆ ಜಾರಿದಾಗ, ಅದರ ಮೇಲಿರುವ ಬಿಡಿ ಉಂಗುರಗಳು ಕೊಂಡಿಯ ಬಳಿ ಬಂದು ಗುಂಪುಗಟ್ಟುತ್ತವೆ. ಹಿಂಡಿಸಿಕೊಂಡ ಅವು ಹರಡಿಕೊಳ್ಳಲು ಹವಣಿಸುತ್ತವೆ, ಮುಂದಿನ ಜಾರಾಟವನ್ನು ತಡೆಯುತ್ತವೆ. ಬಿಟ್ಟಾಗ ರಬ್ಬರನ್ನು ಹಿಂದಕ್ಕೆ ತರಲು ಈ ಒತ್ತಡ ಸಹಾಯ ಮಾಡುತ್ತದೆ, ಅದು ಒಳ್ಳೆಯದೇ. ಆದರೆ ಜಾಸ್ತಿಯಾದರೆ ಕೊಂಡಿ ಬೇಗ ಬೀಗ ಹಾಕಿಕೊಂಡಂತೆ ನಿಂತುಬಿಡುತ್ತದೆ.

ಟೋಕಿಯೊ ತಂಡ ಆಮೇಲೆ ಈ ತುಂಬುವಿಕೆಯನ್ನು 2% ಮಟ್ಟಕ್ಕೆ ಇಳಿಸಿತು. ಅದೇ ಸರಪಳಿಯಲ್ಲಿ ಈಗ 8 ಉಂಗುರ. ಅದರಲ್ಲಿ 4 ಕೊಂಡಿಯಾದರೆ ನಡುವೆ ಸುಮಾರು 200 ಘಟಕಗಳ ಖಾಲಿ ಸರಪಳಿ. ವ್ಯತ್ಯಾಸ ನೋಡಿದಿರಾ? ರಸಾಯನ ಅದೇ, ಉಂಗುರ ಅದೇ, ಸರಪಳಿ ಅದೇ. ಹಿಗ್ಗುವ ಗುಣ ಮಾತ್ರ ಎಲ್ಲೋ ಹೋಗಿ ಮುಟ್ಟುತ್ತದೆ. ಉಂಗುರ ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಎಂದು ಹೊಸಬರು ಅಂದುಕೊಳ್ಳುತ್ತಾರೆ. ಇಲ್ಲಿ ನಡೆಯುವುದು ತಿರುವುಮುರುವು.

2017ರಲ್ಲಿ ಇದೇ ತಂಡ ಪ್ರಕಟಿಸಿದ ಒಂದು ಫಲಿತಾಂಶ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಮಾಮೂಲಿ ಜೆಲ್‌ನಲ್ಲಿ ಕೊಂಡಿ ಏರಿಸಿದರೆ ಬಿರುಕು ತಡೆಯುವ ಶಕ್ತಿ ಇಳಿಯಬೇಕು. ಜಾರುವ ಕೊಂಡಿಯ ಜೆಲ್‌ನಲ್ಲಿ ಕೊಂಡಿ ಏರಿಸಿದರೂ, ಮಾಡ್ಯುಲಸ್ ಏರಿದರೂ, ಆ ಶಕ್ತಿ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಅದನ್ನು ನಿರ್ಧರಿಸಿದ್ದು ಕೊಂಡಿಗಳ ಸಂಖ್ಯೆಯಲ್ಲ, ಸರಪಳಿ ಎಷ್ಟು ದೂರ ಜಾರಬಲ್ಲದು ಎಂಬುದು. ‘ಬಿಗಿ ಬೇಕಾದರೆ ತಾಳಿಕೆ ಬಿಡು’ ಎಂಬ ಹಳೆಯ ಕರಾರು ಇಲ್ಲಿ ಸಡಿಲವಾಯಿತು. ಗಮನಿಸಿ, ಸಡಿಲವಾಯಿತು ಅಷ್ಟೇ. ಅಳಿಸಿಹೋಗಲಿಲ್ಲ.

ಜಾರಾಟ ನಿಜಕ್ಕೂ ನಡೆಯುತ್ತದೆ ಎಂಬುದಕ್ಕೆ ಸಾಕ್ಷಿ ಏನು ಎಂದು ಕೇಳಬಹುದು. ನನಗೆ ಬಹಳ ಹಿಡಿಸಿದ ಸಾಕ್ಷಿ ನ್ಯೂಟ್ರಾನ್ ಚದುರಿಕೆಯದು, ಅಂದರೆ ನ್ಯೂಟ್ರಾನ್ ಕಣಗಳನ್ನು ಹಾಯಿಸಿ ಅವು ಚದುರುವ ಚಿತ್ರ ನೋಡುವ ಪರೀಕ್ಷೆಯದು. ಮಾಮೂಲಿ ಜೆಲ್ ಎಳೆದರೆ ಒಳಗಿನ ಕೊಂಡಿಗಳ ಅಸಮತೆ ಎದ್ದು ಕಾಣುತ್ತದೆ, ಚದುರಿದ ಚಿತ್ರ ಎಳೆದ ದಿಕ್ಕಿಗೇ ಉದ್ದವಾಗುತ್ತದೆ. ಜಾರುವ ಕೊಂಡಿಯ ಜೆಲ್‌ನಲ್ಲಿ ಚಿತ್ರ ಎಳೆದ ದಿಕ್ಕಿಗೆ ಅಡ್ಡವಾಗಿ ಅಗಲವಾಯಿತು. ಕೊಂಡಿಯೇ ಇಲ್ಲದ ಪಾಲಿಮರಿನಲ್ಲಿ ಕಾಣುವಂಥದ್ದು. ಅಂದರೆ ಅಸಮತೆ ತನ್ನನ್ನು ತಾನೇ ಸರಿಮಾಡಿಕೊಂಡಿದೆ. ಎಳೆತದ ಗ್ರಾಫಿನ ಆಕಾರವೂ ಬೇರೆ. ಮಾಮೂಲಿ ರಬ್ಬರಿನ ಗೆರೆ ಮೊದಲು ಚುರುಕಾಗಿ ಏರಿ, ನಡುವೆ ಬಾಗಿ, ಮತ್ತೆ ಏರುತ್ತದೆ. ಜಾರುವ ಕೊಂಡಿಯ ಗೆರೆ ಮೊದಲು ಬಹುಮಟ್ಟಿಗೆ ಚಪ್ಪಟೆ, ಕೊನೆಯಲ್ಲಿ ಒಮ್ಮೆಲೇ ಕಡಿದಾಗಿ ಮೇಲೇರುತ್ತದೆ.

ಈಗ ಸಮಯದ ಮಾತು. ಸರಪಳಿ ಕೊಂಡಿಯೊಳಗೆ ಜಾರುವುದು ಶಾಖದ ಅಲುಗಾಟದಿಂದ, ಘರ್ಷಣೆಯನ್ನು ಗೆದ್ದುಕೊಂಡು. ಅದಕ್ಕೆ ಒಂದಷ್ಟು ಹೊತ್ತು ಹಿಡಿಯುತ್ತದೆ. ನೀವು ಅದಕ್ಕಿಂತ ವೇಗವಾಗಿ ಎಳೆದರೆ ರಾಟೆ ಗಂಟಾಗಿಬಿಡುತ್ತದೆ, ಮಾಮೂಲಿ ರಬ್ಬರಿಗೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ‘ನಾನು ನಿಧಾನವಾಗಿಯೇ ಎಳೆಯುತ್ತೇನೆ’ ಎನ್ನಬಹುದು. ಇಡೀ ತುಂಡನ್ನು ನಿಧಾನವಾಗಿ ಎಳೆದರೂ ಬಿರುಕಿನ ತುದಿಯಲ್ಲಿ ಎಳೆತ ನಿಧಾನವಲ್ಲ. ಒಂದು ಉದಾಹರಣೆ ಕಟ್ಟೋಣ. 10 ಮಿಲಿಮೀಟರ್ ಉದ್ದದ ಮಾದರಿಯನ್ನು ಸೆಕೆಂಡಿಗೆ 1 ಮಿಲಿಮೀಟರ್ ವೇಗದಲ್ಲಿ ಎಳೆದರೆ ಹಿಗ್ಗುವ ದರ ಸೆಕೆಂಡಿಗೆ 0.1. ಬಿರುಕು ಸೆಕೆಂಡಿಗೆ 10 ಮಿಲಿಮೀಟರ್ ಓಡುತ್ತಿದ್ದು, ಅದರ ತುದಿಯ ವಲಯ 0.1 ಮಿಲಿಮೀಟರ್ ಇದ್ದರೆ ಅಲ್ಲಿನ ದರ ಸೆಕೆಂಡಿಗೆ 100ರ ಸುಮಾರು. ಸಾವಿರ ಪಟ್ಟು. ಯಂತ್ರದ ಪರದೆಯಲ್ಲಿ ಕಾಣುವ ವೇಗ ನೋಡಿ ಕೊಂಡಿಗೆ ಜಾರಲು ಸಮಯವಿದೆ ಎಂದು ನಂಬಿದರೆ ಮೋಸ ಹೋಗುತ್ತೀರಿ.

ಜಾರಾಟದ ವೇಗವನ್ನು ಹೆಚ್ಚಿಸುವುದು ಹೇಗೆ? ಮೊದಲ ದಾರಿ ಗಾಜಿನ ಸ್ಥಿತಿಗೆ ಹೋಗುವ, ಅಂದರೆ ರಬ್ಬರ್ ಗಾಜಿನಂತೆ ಪೆಡಸಾಗುವ ತಾಪಮಾನವನ್ನು ತಗ್ಗಿಸುವುದು. ನಿಮ್ಮದು ಅಕ್ರಿಲೇಟ್ ಎಂದಿರಿ. ಪಾಲಿಎಥೈಲ್ ಅಕ್ರಿಲೇಟಿನ ಆ ತಾಪಮಾನ ಸುಮಾರು ಮೈನಸ್ 24 ಡಿಗ್ರಿ ಸೆಲ್ಸಿಯಸ್, ಪಾಲಿಬ್ಯುಟೈಲ್ ಅಕ್ರಿಲೇಟಿನದು ಸುಮಾರು ಮೈನಸ್ 54. ಬಳಸುವ ತಾಪಮಾನ ಇದಕ್ಕಿಂತ ಎಷ್ಟು ಮೇಲಿದೆಯೋ ಸರಪಳಿ ಅಷ್ಟು ಚುರುಕು. ಆದರೆ ಸೈಕ್ಲೊಡೆಕ್ಸ್ಟ್ರಿನ್ ಗಡುಸಾದ ದೊಡ್ಡ ಗುಂಪು. ಅದನ್ನು ಜಾಸ್ತಿ ಸೇರಿಸಿದರೆ ಈ ತಾಪಮಾನ ಮೇಲಕ್ಕೆ ಸರಿಯುತ್ತದೆ. ಉಂಗುರ ಕಡಿಮೆ ಇರಲಿ ಎನ್ನಲು ಇದು ಎರಡನೇ ಕಾರಣ.

ಎರಡನೆಯ ದಾರಿ ಉಂಗುರಗಳು ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ಮಾಡುವುದು. ಆಲ್ಫಾ ಉಂಗುರದ ಹೊರಮೈಯಲ್ಲಿ 18 ಹೈಡ್ರಾಕ್ಸಿಲ್ ಗುಂಪುಗಳಿವೆ. ಅಕ್ಕಪಕ್ಕದ ಉಂಗುರಗಳು ಹೈಡ್ರೊಜನ್ ಬಂಧದಿಂದ ಸಾಲಾಗಿ ಕಚ್ಚಿಕೊಂಡು ಹರಳಾಗುತ್ತವೆ. ಹಾಗಾದರೆ ಜಾರಾಟ ಮುಗಿಯಿತು. ಆದ್ದರಿಂದ ಹೈಡ್ರಾಕ್ಸಿಪ್ರೊಪೈಲ್, ಮೀಥೈಲ್ ಅಥವಾ ಅಸಿಟೈಲ್ ಗುಂಪುಗಳಿಂದ ಅವುಗಳನ್ನು ಮುಚ್ಚುತ್ತಾರೆ. ಒಣ ರಬ್ಬರ್ ಬೇಕಾದವರು ಉಂಗುರದ ಮೇಲೆ ಪಾಲಿಕ್ಯಾಪ್ರೊಲ್ಯಾಕ್ಟೋನಿನ ಗಿಡ್ಡ ಬಾಲಗಳನ್ನು ಬೆಳೆಸುತ್ತಾರೆ. ಆಗ ಅದು ಬೇರೆ ಪಾಲಿಮರುಗಳ ಜೊತೆಗೂ ಬೆರೆಯುತ್ತದೆ. ಈ ಹೆಜ್ಜೆಯನ್ನು ಬೇಸರದ ಕೆಲಸ ಎಂದು ಬಿಟ್ಟವರ ರಬ್ಬರ್ ಮಸುಕು ಬಿಳಿಯಾಗಿ, ಪೆಡಸಾಗಿ ಬರುತ್ತದೆ. ಅದನ್ನು ನೋಡಿ ‘ಜಾರುವ ಕೊಂಡಿ ಬರೀ ಕಥೆ’ ಎನ್ನುತ್ತಾರೆ.

ಒಣ ರಬ್ಬರ್ ಎಂದೆ. ಜೆಲ್‌ನಲ್ಲಿ ಕಂಡ ಫಲವನ್ನು ಹಾಗೇ ಒಣ ರಬ್ಬರಿಗೆ ಹೊಂದಿಸಬೇಡಿ. ಜೆಲ್‌ನಲ್ಲಿ ದ್ರವ ಇರುತ್ತದೆ, ಘರ್ಷಣೆ ಕಡಿಮೆ. ಒಣಗಿಸಿದರೆ ಪಾಲಿಎಥಿಲೀನ್ ಗ್ಲೈಕಾಲ್ ಸರಪಳಿಯೇ ಕೋಣೆಯ ತಾಪಮಾನದಲ್ಲಿ ಹರಳಾಗುತ್ತದೆ, ಕರಗುವುದು 60 ಡಿಗ್ರಿಯ ಆಸುಪಾಸಿನಲ್ಲಿ. ನಿಮಗೆ ಬೇಕಾದದ್ದು ಎಲಾಸ್ಟೊಮರ್. ಹಾಗಾಗಿ ನಿಮಗೆ ಹೊಂದುವುದು ಇನ್ನೊಂದು ಮನೆತನ.

ಅದು ಒಸಾಕಾದ ಯೊಶಿನೊರಿ ತಕಾಶಿಮಾ ತಂಡ ಬೆಳೆಸಿದ ದಾರಿ. ಇಲ್ಲಿ ಪಾಲಿರೊಟಾಕ್ಸೇನ್ ಮೊದಲೇ ಮಾಡಿಟ್ಟುಕೊಳ್ಳುವುದಿಲ್ಲ. ಅಸಿಟೈಲ್ ಹೊದಿಸಿದ ಗಾಮಾ ಉಂಗುರಕ್ಕೆ ಅಕ್ರಿಲಮೈಡ್ ಜಾತಿಯ ಒಂದು ಕೈ ಕೊಟ್ಟು ಅದನ್ನೇ ಮೊನೊಮರ್ (ಸರಪಳಿ ಕಟ್ಟುವ ಬಿಡಿ ಘಟಕ) ಮಾಡುತ್ತಾರೆ. ಅಸಿಟೈಲ್ ಇರುವುದರಿಂದ ಅದು ಎಥೈಲ್ ಅಕ್ರಿಲೇಟ್ ದ್ರವದಲ್ಲೇ ಕರಗುತ್ತದೆ, ಬೇರೆ ದ್ರಾವಕ ಬೇಡ. ಪಾಲಿಮರೀಕರಣ, ಅಂದರೆ ಬಿಡಿ ಘಟಕಗಳು ಸರಪಳಿಯಾಗುವುದು, ಶುರುವಾದಾಗ ಉಂಗುರಗಳು ಸರಪಳಿಯ ಪಕ್ಕಕ್ಕೆ ತೂಗಿಕೊಳ್ಳುತ್ತವೆ. ಬೆಳೆಯುತ್ತಿರುವ ಬೇರೆ ಸರಪಳಿಗಳು ಆ ಉಂಗುರಗಳ ಒಳಗೆ ನುಗ್ಗಿ ಆಚೆ ಬೆಳೆಯುತ್ತವೆ. ಒಂದು ಸರಪಳಿಗೆ ಉಂಗುರ ಕಟ್ಟಿದೆ, ಇನ್ನೊಂದು ಅದರೊಳಗೆ ಜಾರುತ್ತದೆ. ನುಗ್ಗಿದ ಸರಪಳಿಯ ಮೇಲೂ ದೊಡ್ಡ ಉಂಗುರಗಳು ತೂಗುತ್ತಿರುವುದರಿಂದ ಅದು ಪೂರಾ ನುಣುಚಿಕೊಳ್ಳಲು ಆಗುವುದಿಲ್ಲ. ತುದಿಗೆ ತಡೆ ಕಟ್ಟುವ ತಲೆನೋವೇ ಇಲ್ಲ. ನಿಮ್ಮ ಪ್ರಾಜೆಕ್ಟಿಗೆ ನಾನು ಹೇಳುವುದು ಇದನ್ನೇ. ಪಾತ್ರೆ ಒಂದು, ಹೆಜ್ಜೆ ಒಂದು.

ಇಲ್ಲೂ ಒಂದು ಷರತ್ತಿದೆ. ಸರಪಳಿ ರಂಧ್ರದಲ್ಲಿ ಹಿಡಿಸಬೇಕು. ಎಥೈಲ್ ಅಕ್ರಿಲೇಟಿನಂಥ ಸಣ್ಣ ಪಕ್ಕಗುಂಪು (ಸರಪಳಿಯಿಂದ ಪಕ್ಕಕ್ಕೆ ಚಾಚಿದ ಭಾಗ) ಗಾಮಾ ಉಂಗುರದಲ್ಲಿ ಹೋಗುತ್ತದೆ. ದಪ್ಪ, ಕವಲೊಡೆದ ಪಕ್ಕಗುಂಪುಗಳಿದ್ದರೆ ಸರಪಳಿ ಉಂಗುರದ ಹೊರಗೇ ಬೆಳೆಯುತ್ತದೆ. ಆಗ ನಿಮಗೆ ಸಿಗುವುದು ಬರೀ ದುಬಾರಿ ಪಕ್ಕಗುಂಪು ಹೊತ್ತ, ಕೊಂಡಿಯಿಲ್ಲದ ಪಾಲಿಮರ್. ಇದನ್ನು ಪತ್ತೆಹಚ್ಚುವುದು ಸುಲಭ. ಒಳ್ಳೆಯ ದ್ರಾವಕದಲ್ಲಿ ಹಾಕಿ ಬಿಡಿ. ಉಬ್ಬಿ ಹಾಗೇ ನಿಂತರೆ ಜಾಲ ಆಗಿದೆ. ಕರಗಿಹೋದರೆ ಸರಪಳಿ ಉಂಗುರದೊಳಗೆ ಹೊಕ್ಕಿಲ್ಲ.

ಹರಿಯದ ರಬ್ಬರಿಗೆ ಜಾರುವ ಕೊಂಡಿಯೊಂದೇ ದಾರಿಯಲ್ಲ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಜಿಯಾನ್ ಪಿಂಗ್ ಗಾಂಗ್ ತಂಡ 2003ರಲ್ಲಿ ಎರಡು ಜಾಲಗಳ ಜೆಲ್ ಮಾಡಿತು. ಅದರಲ್ಲಿ ಒಂದು ಜಾಲ ತಾನು ಮುರಿದು ಇನ್ನೊಂದನ್ನು ಕಾಯುತ್ತದೆ. 2012ರಲ್ಲಿ ಹಾರ್ವರ್ಡ್‌ನಲ್ಲಿ ಆಲ್ಜಿನೇಟ್ ಮತ್ತು ಪಾಲಿಅಕ್ರಿಲಮೈಡ್ ಬೆರೆಸಿ ಮಾಡಿದ ಜೆಲ್ 20 ಪಟ್ಟಿಗೂ ಹೆಚ್ಚು ಹಿಗ್ಗಿತು. ಅದರ ಬಿರುಕು ಶಕ್ತಿ ಚದರ ಮೀಟರಿಗೆ ಸುಮಾರು 9,000 ಜೂಲ್. ಸಂಖ್ಯೆ ನೋಡಿದರೆ ಜಾರುವ ಕೊಂಡಿಯೇ ಯಾಕೆ ಬೇಕು ಅನಿಸುತ್ತದೆ. ಕಾರಣ, ಅಲ್ಲಿ ತಾಳಿಕೆ ಬರುವುದು ಬಂಧಗಳು ಮುರಿಯುವುದರಿಂದ. ಒಮ್ಮೆ ಎಳೆದು ಬಿಟ್ಟರೆ ಎರಡನೇ ಸಲ ಅದು ಅದೇ ವಸ್ತುವಲ್ಲ. ಮುರಿದ ಬಂಧಗಳು ಕೂಡಿಕೊಳ್ಳಬೇಕು, ಅದಕ್ಕೆ ಹೊತ್ತು ಬೇಕು. ಕೆಲವು ಬಗೆಯಲ್ಲಿ ಅವು ಕೂಡುವುದೇ ಇಲ್ಲ. ದಿನಕ್ಕೆ ಸಾವಿರ ಸಲ ಹಿಗ್ಗಿ ಕುಗ್ಗಬೇಕಾದ ಭಾಗಕ್ಕೆ ಇದು ಆಗಿಬರುವುದಿಲ್ಲ. ಜಾರುವ ಕೊಂಡಿಯಲ್ಲಿ ಏನೂ ಮುರಿಯುವುದಿಲ್ಲ, ಜಾಗ ಬದಲಾಗುತ್ತದೆ ಅಷ್ಟೇ. ಎಳೆಯುವ ಗೆರೆಯೂ ಬಿಡುವ ಗೆರೆಯೂ ಹತ್ತಿರಹತ್ತಿರ ಇರುತ್ತವೆ.

ಇಲ್ಲೊಂದು ಚಿಕ್ಕ ಮಾತು ಸೇರಿಸುತ್ತೇನೆ. ನಿಮ್ಮ ಈಗಿನ ರಬ್ಬರಿನಲ್ಲೂ ಜಾರುವ ಕೊಂಡಿಗಳಿವೆ! ಉದ್ದ ಸರಪಳಿಗಳು ಒಂದರ ಸುತ್ತ ಒಂದು ಸಿಕ್ಕು ಹಾಕಿಕೊಂಡಿರುತ್ತವಲ್ಲ, ಆ ಸಿಕ್ಕುಗಳೂ ಭಾರವನ್ನು ಹಂಚಿಕೊಳ್ಳುತ್ತವೆ, ಜಾರುತ್ತವೆ. 2021ರಲ್ಲಿ ಹಾರ್ವರ್ಡ್‌ನ ಝಿಗಾಂಗ್ ಸುವೊ ತಂಡ ಕ್ರಾಸ್‌ಲಿಂಕ್ ತೀರಾ ಕಡಿಮೆ, ಸಿಕ್ಕು ತೀರಾ ಜಾಸ್ತಿ ಇರುವ ಜಾಲಗಳನ್ನು ಮಾಡಿ ತೋರಿಸಿತು. ಬಿಗಿಯನ್ನು ಸಿಕ್ಕು ಕೊಡುತ್ತದೆ, ತಾಳಿಕೆಯನ್ನು ಕ್ರಾಸ್‌ಲಿಂಕುಗಳ ನಡುವಿನ ಉದ್ದ ಸರಪಳಿ ಕೊಡುತ್ತದೆ. ಉಂಗುರ ಕೊಳ್ಳುವ ಮೊದಲು ಇದನ್ನೊಮ್ಮೆ ಪರೀಕ್ಷಿಸಿ. ದ್ರಾವಕವಿಲ್ಲದೆ, ಇನಿಶಿಯೇಟರ್ (ಸರಪಳಿಯ ಬೆಳವಣಿಗೆ ಶುರುಮಾಡಿಸುವ ರಾಸಾಯನಿಕ) ಮತ್ತು ಕ್ರಾಸ್‌ಲಿಂಕರ್ ಎರಡನ್ನೂ ತುಂಬ ಕಡಿಮೆ ಹಾಕಿ ಪಾಲಿಮರೀಕರಿಸಿ. ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಆಗುತ್ತದೆ.

ಇನ್ನು ಹರಳಿನ ವಿಷಯ. 2021ರಲ್ಲೇ ಟೋಕಿಯೊ ತಂಡ ಜಾರುವ ಕೊಂಡಿಯ ಇನ್ನೊಂದು ಗುಣವನ್ನು ತೋರಿಸಿತು. ಉಂಗುರಗಳು ಕಡಿಮೆಯಿದ್ದು, ಸರಪಳಿ ಧಾರಾಳವಾಗಿ ಜಾರಬಲ್ಲುದಾದರೆ, ಜೋರಾಗಿ ಎಳೆದಾಗ ಪಾಲಿಎಥಿಲೀನ್ ಗ್ಲೈಕಾಲ್ ಸರಪಳಿಗಳು ಒಟ್ಟಾಗಿ ನೆಟ್ಟಗೆ ಸಾಲುಗಟ್ಟಿ ಹರಳಾಗುತ್ತವೆ. ನೀರು ತುಂಬಿದ ಜೆಲ್‌ನೊಳಗೇ! ಬಿಟ್ಟ ಕೂಡಲೇ ಆ ಹರಳು ಮಾಯ. ಬಿರುಕಿನ ತುದಿಯಲ್ಲಿ ಎಳೆತ ಜಾಸ್ತಿ ಇರುವುದರಿಂದ ಹರಳೂ ಅಲ್ಲೇ ಹುಟ್ಟಿ ಬಿರುಕಿಗೆ ಅಡ್ಡ ನಿಲ್ಲುತ್ತದೆ. ನೈಸರ್ಗಿಕ ರಬ್ಬರಿನ ಉಪಾಯವೇ ಇದು. ತಾಳಿಕೆಯೂ ಬಂತು, ಮುರಿಯುವ ನಷ್ಟವೂ ಇಲ್ಲ. ಈ ಕ್ಷೇತ್ರದಲ್ಲಿ ಇತ್ತೀಚೆಗೆ ಬಂದವುಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಎನಿಸಿದ್ದು ಇದೇ. ಮಾಮೂಲಿ ಕೊಂಡಿಯ ಜೆಲ್‌ನಲ್ಲಿ ಕೆಲವೇ ಗಿಡ್ಡ ತುಂಡುಗಳು ಸೆಟೆದು ಕಡಿಯುವುದರಿಂದ ಸರಪಳಿಗಳು ಒಟ್ಟಾಗಿ ಸಾಲುಗಟ್ಟುವ ಹಂತವೇ ಬರುವುದಿಲ್ಲ.

ತಾನಾಗಿ ಕೂಡಿಕೊಳ್ಳುವುದರ ಬಗ್ಗೆ ಕೇಳಿದಿರಿ. ಇಲ್ಲ, ಜಾರುವ ಕೊಂಡಿಗೆ ಆ ಶಕ್ತಿ ಇಲ್ಲ. ಸರಪಳಿ ಕಡಿದರೆ ಕಡಿದ ಹಾಗೆಯೇ. ಗೊಂದಲ ಬರುವುದು ಗೀರು ಮಾಯವಾಗುವ ಬಣ್ಣಗಳಿಂದ. ಪಾಲಿರೊಟಾಕ್ಸೇನ್ ಬೆರೆಸಿದ ಕಾರಿನ ಬಣ್ಣದಲ್ಲಿ ಸಣ್ಣ ಗೀರು ಸ್ವಲ್ಪ ಹೊತ್ತಿನಲ್ಲಿ ಮಾಸುತ್ತದೆ. ಅಲ್ಲಿ ಏನೂ ಕಡಿದಿರುವುದಿಲ್ಲ. ಮೇಲ್ಮೈ ತಗ್ಗಾಗಿತ್ತು, ಮೇಲೆದ್ದಿತು. ನಿಜವಾಗಿ ಕೂಡಿಕೊಳ್ಳಬೇಕಾದರೆ ಬಿಟ್ಟು ಹಿಡಿಯುವ ಬಂಧ ಬೇಕು. ಬೀಟಾ ಉಂಗುರದೊಳಗೆ ಅಡಮಾಂಟೇನ್ ಗುಂಪು ಹೊಕ್ಕು ಕೂರುವಂಥ ಜೋಡಿಗಳನ್ನು ಹರಾಡ ಮತ್ತು ತಕಾಶಿಮಾ ಇದಕ್ಕೆ ಬಳಸಿದ್ದಾರೆ. ಕತ್ತರಿಸಿದ ಮೈಗಳನ್ನು ಒತ್ತಿ ಹಿಡಿದರೆ ಜೋಡಿಗಳು ಮತ್ತೆ ಸೇರುತ್ತವೆ. ಜಾರುವ ಕೊಂಡಿಯನ್ನೂ ಇದನ್ನೂ ಒಂದೇ ಜಾಲದಲ್ಲಿ ಸೇರಿಸಬಹುದು. ಆದರೆ ನಿಮ್ಮ ಮೊದಲ ಪ್ರಯೋಗದಲ್ಲೇ ಎರಡನ್ನೂ ಹಾಕಬೇಡಿ. ಫಲ ಯಾವುದರಿಂದ ಬಂತು ಎಂದು ಆಮೇಲೆ ಬಿಡಿಸಲಾಗದು.

ಎಲ್ಲಿ ಉಪಯೋಗ ಎಂದರೆ, 2017ರಲ್ಲಿ ದಕ್ಷಿಣ ಕೊರಿಯಾದ ಕೈಸ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಮಾಡಿದ್ದು ನನಗೆ ಒಳ್ಳೆಯ ಉದಾಹರಣೆ ಎನಿಸುತ್ತದೆ. ಲಿಥಿಯಂ ಬ್ಯಾಟರಿಯ ಸಿಲಿಕಾನ್ ಕಣಗಳು ಚಾರ್ಜ್ ಆಗುವಾಗ ಗಾತ್ರದಲ್ಲಿ ಸುಮಾರು 300% ಉಬ್ಬುತ್ತವೆ, ಆಮೇಲೆ ಕುಗ್ಗುತ್ತವೆ, ಪುಡಿಯಾಗುತ್ತವೆ. ಅವನ್ನು ಹಿಡಿದಿಡುವ ಪಾಲಿಅಕ್ರಿಲಿಕ್ ಆ್ಯಸಿಡ್ ಅಂಟಿಗೆ ತೂಕದಲ್ಲಿ 5% ಪಾಲಿರೊಟಾಕ್ಸೇನ್ ಸೇರಿಸಿದಾಗ ಒಡೆದ ಚೂರುಗಳೂ ಒಟ್ಟಿಗೆ ಉಳಿದವು. 5% ಎಂಬುದನ್ನು ಗಮನಿಸಿ. ಇಡೀ ವಸ್ತುವನ್ನೇ ಜಾರುವ ಕೊಂಡಿಯಿಂದ ಕಟ್ಟಬೇಕಿಲ್ಲ. ಹಾಗೆಯೇ 2022ರಲ್ಲಿ ಸ್ಟ್ಯಾನ್‌ಫೋರ್ಡ್ ತಂಡ ವಿದ್ಯುತ್ ಹರಿಸುವ ಪಾಲಿಮರಿಗೆ ಪಾಲಿರೊಟಾಕ್ಸೇನ್ ಸೇರಿಸಿ ದೇಹಕ್ಕೆ ಅಂಟಿಸುವ, ಹಿಗ್ಗುವ ಎಲೆಕ್ಟ್ರಾನಿಕ್ಸ್ ಮಾಡಿತು.

ಈಗ ನಿಮ್ಮ ಬೆಂಚಿಗೆ. ಎಥೈಲ್ ಅಕ್ರಿಲೇಟಿನಲ್ಲಿ ಅಸಿಟೈಲ್ ಗಾಮಾ ಉಂಗುರದ ಮೊನೊಮರ್ 0.5, 1 ಮತ್ತು 2 ಮೋಲ್ ಶೇಕಡಾ (ತೂಕದಲ್ಲಲ್ಲ, ಅಣುಗಳ ಎಣಿಕೆಯಲ್ಲಿ) ಹಾಕಿ ಮೂರು ಮಾದರಿ ಮಾಡಿ. ಪಕ್ಕದಲ್ಲಿ ಮಾಮೂಲಿ ಕ್ರಾಸ್‌ಲಿಂಕರ್ ಹಾಕಿದ ಮೂರು ಮಾದರಿ ಇರಲಿ. ಆದರೆ ಹೋಲಿಸುವಾಗ ಹಾಕಿದ ಪ್ರಮಾಣವನ್ನು ಹೋಲಿಸಬೇಡಿ. ಮಾಡ್ಯುಲಸ್ ಸರಿಸಮ ಇರುವ ಜೋಡಿಗಳನ್ನು ಹೋಲಿಸಿ. ಇಲ್ಲದಿದ್ದರೆ ‘ಮೆತ್ತಗಿದ್ದದ್ದು ಜಾಸ್ತಿ ಹಿಗ್ಗಿತು’ ಎಂಬ ಹಳೆಯ ಸಂಗತಿಯನ್ನೇ ಹೊಸ ಸಾಧನೆ ಎಂದು ಬರೆದುಬಿಡುತ್ತೀರಿ. ಇನ್ನೊಂದು ಮಾದರಿಯನ್ನೂ ಬಿಡಬೇಡಿ: ಅದೇ ಉಂಗುರದ ಮೊನೊಮರ್ ಅಷ್ಟೇ ಇರಲಿ, ಆದರೆ ಸರಪಳಿ ನುಗ್ಗದಂತೆ ದಪ್ಪ ಪಕ್ಕಗುಂಪಿನ ಅಕ್ರಿಲೇಟಿನಲ್ಲಿ, ಮಾಮೂಲಿ ಕ್ರಾಸ್‌ಲಿಂಕರ್ ಜೊತೆಗೆ. ಉಂಗುರ ಗಡುಸಾಗಿರುವುದರಿಂದ ಬಂದ ಬಲ ಎಷ್ಟು, ಜಾರಿದ್ದರಿಂದ ಬಂದದ್ದೆಷ್ಟು ಎಂಬ ಅಂದಾಜು ಆಗ ಸಿಗುತ್ತದೆ. ಬೇರೆ ಸರಪಳಿಯ ಗಾಜಿನ ತಾಪಮಾನವೂ ಬೇರೆ, ಆದ್ದರಿಂದ ಆ ತಾಪಮಾನಕ್ಕಿಂತ ಅಷ್ಟೇ ಡಿಗ್ರಿ ಮೇಲೆ ಅಳೆಯಿರಿ.

ಅಳೆಯುವಾಗ ಬರೀ ಹಿಗ್ಗಿಸಿ ಹರಿಯುವವರೆಗೆ ಎಳೆದರೆ ಸಾಲದು. ಅಂಚಿನಲ್ಲಿ ಬ್ಲೇಡಿನಿಂದ ಸಣ್ಣ ಕಚ್ಚು ಹಾಕಿದ ಮಾದರಿಯನ್ನೂ ಎಳೆಯಿರಿ. ಕಚ್ಚು ಇಲ್ಲದೆ ಹತ್ತು ಪಟ್ಟು ಹಿಗ್ಗಿ, ಕಚ್ಚು ಹಾಕಿದರೆ ಎರಡು ಪಟ್ಟಿಗೇ ಹರಿಯುವ ರಬ್ಬರ್ ಬೇಕಾದಷ್ಟಿವೆ. ಪ್ರತಿ ಮಾದರಿಯನ್ನು ಕನಿಷ್ಠ ಮೂರು ವೇಗದಲ್ಲಿ, ಒಂದಕ್ಕಿಂತ ಒಂದು ಹತ್ತು ಪಟ್ಟು ಅಂತರದಲ್ಲಿ ಎಳೆಯಿರಿ. ನಿಧಾನದಲ್ಲಿ ಜಾರುವ ಕೊಂಡಿ ಗೆದ್ದು, ವೇಗದಲ್ಲಿ ಎರಡೂ ಒಂದೇ ಆದರೆ ನಿಮ್ಮ ಕೊಂಡಿಗೆ ಸಮಯ ಸಾಲುತ್ತಿಲ್ಲ. ಆಗ ಎಥೈಲ್ ಬದಲು ಸ್ವಲ್ಪ ಬ್ಯುಟೈಲ್ ಅಕ್ರಿಲೇಟ್ ಬೆರೆಸಿ ನೋಡಿ, ಆದರೆ ಅದರ ಉದ್ದ ಪಕ್ಕಗುಂಪು ಉಂಗುರದೊಳಗೆ ಹೋಗುತ್ತಿದೆಯೇ ಎಂದು ದ್ರಾವಕ ಪರೀಕ್ಷೆಯಲ್ಲಿ ಮತ್ತೆ ಖಾತ್ರಿ ಮಾಡಿಕೊಳ್ಳಿ. ಎಲ್ಲ ವೇಗದಲ್ಲೂ ಎರಡೂ ಒಂದೇ ಬಂದರೆ ಸಮಸ್ಯೆ ಸಮಯದ್ದಲ್ಲ, ಜಾಗದ್ದು. ಉಂಗುರದ ಪ್ರಮಾಣವನ್ನು ಇನ್ನೂ ಇಳಿಸಿ.